ಆದಿಲಕ್ಷ್ಮಿಗೆಂದು ಹಾಸಿದ ಹಲಗೆ

ನಮ್ಮ ಓಣಿಯ ಹುಡುಗರು ಈಶ್ವರನ ಮನೆಗೆ ‘ಚೆಕ್ಕ ಇಲ್ಲು’ ಎಂದು ಹೆಸರಿಟ್ಟಿದ್ದಾರೆ. ತೆಲುಗಿನಲ್ಲಿ ಚೆಕ್ಕ ಎಂದರೆ ಹಲಗೆ, ಇಲ್ಲು ಎಂದರೆ ಮನೆ. ರಾಯದುರ್ಗದಲ್ಲಿ ಮನೆಯ ನೆಲ ಅಂದರೆ ಬಂಡೆ, ಕೈಯಲ್ಲಿ ನಾಲ್ಕು ಕಾಸು ಓಡಾಡುವವರಿಗೆ ಈಗೀಗ ಟೈಲ್ಸು. ಬಾಗಿಲು ಮರದ್ದಿರಲಿ, ಕಿಟಕಿ ಮರದ್ದಿರಲಿ, ತುಳಿಯುವ ನೆಲಕ್ಕೆ ತೇಗದ ಹಲಗೆ ಹಾಸಿದವನು ಈ ಊರಿನಲ್ಲಿ ಇವನೊಬ್ಬನೇ. ಅವನೇನು ಸಾಹುಕಾರನಲ್ಲ, ಜೀನ್ಸ್ ಪ್ಯಾಂಟು ಹೊಲಿಯುವ ದರ್ಜಿ.

ಅವನ ಮನೆಯೆದುರಿಗೇ ನನ್ನ ಅಂಗಡಿ. ದಾರ, ಜಿಪ್ಪು, ಗುಂಡಿ, ಸೂಜಿ ಮಾರುತ್ತೇನೆ. ಊರೆಲ್ಲ ಜೀನ್ಸ್ ಹೊಲಿಯುವುದರಿಂದ ನನಗೂ ಗಂಜಿಗೆ ತೊಂದರೆಯಿಲ್ಲ. ಈಶ್ವರ ನನ್ನನ್ನು ಹಂಪಕ್ಕಾ ಎಂದು ಕರೆಯುತ್ತಾನೆ. ಒಡಹುಟ್ಟಿದವನಲ್ಲ, ಆದರೆ ಒಡಹುಟ್ಟಿದವರು ಕೊಡುವಷ್ಟು ತಲೆನೋವು ಕೊಟ್ಟಿದ್ದಾನೆ. ಆ ಸಲಿಗೆಯಿಂದಲೇ ಅವನ ಕಥೆ ಹೇಳುತ್ತಿದ್ದೇನೆ.

ಅವನ ಹೆಂಡತಿ ಆದಿಲಕ್ಷ್ಮಿ ಮಡಕಶಿರಾ ಕಡೆಯವಳು, ರತ್ನಗಿರಿ ಕೋಟೆಯ ಕೆಳಗಿನ ಊರು. ಬಂದ ಹೊಸದರಲ್ಲಿ ಅವಳ ಮಾತು ಕೇಳಿ ನಾವು ನಗುತ್ತಿದ್ದೆವು, ನಮ್ಮ ಮಾತು ಕೇಳಿ ಅವಳು ನಗುತ್ತಿದ್ದಳು. ಆಗ ಅವರಿದ್ದದ್ದು ಇದೇ ಓಣಿಯ ತುದಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ. ಮಣ್ಣಿನ ನೆಲ. ಶುಕ್ರವಾರಕ್ಕೊಮ್ಮೆ ಸಗಣಿ ಸಾರಿಸುತ್ತಿದ್ದಳು. ಈಶ್ವರ ಮಿಷನ್ ತುಳಿಯುತ್ತಿದ್ದರೆ ಅವಳು ಅದರ ಕಾಲಿನ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತು, ಹೊಲಿದು ಬಿದ್ದ ಪ್ಯಾಂಟಿನ ದಾರದ ತುದಿಗಳನ್ನು ಕತ್ತರಿಸುತ್ತಿದ್ದಳು. ಇಬ್ಬರ ಮೈಮೇಲೂ ನೀಲಿ ಧೂಳು. ಮಕ್ಕಳಾಗಲಿಲ್ಲ ಎಂಬ ಕೊರಗೊಂದು ಬಿಟ್ಟರೆ ಚೆನ್ನಾಗಿಯೇ ಇದ್ದರು.

ಆದರೆ ಬಾಡಿಗೆ ಮನೆಯವರು ಏಳಿ ಅಂದರೆ ಏಳಬೇಕು. ಹಾಗೆ ಎದ್ದೂ ಎದ್ದೂ ಸಾಕಾಗಿ, ಸ್ವಂತದ್ದೊಂದು ಸೂರು ಮಾಡಿಕೊಳ್ಳಬೇಕೆಂದು ಆದಿಲಕ್ಷ್ಮಿ ಕುವೈತಿಗೆ ಹೊರಟಳು. ಅವಳ ಅಕ್ಕನ ಮಗಳು ಶಿವಲಕ್ಷ್ಮಿಯೂ ಜೊತೆಗೆ ಹೋದಳು. ಏಜೆಂಟನ ಕೃಪೆಯಿಂದ ಇಬ್ಬರಿಗೂ ಒಂದೇ ಮನೆಯಲ್ಲಿ ಕೆಲಸ, ಅಡಿಗೆಗೆ ಶಿವಲಕ್ಷ್ಮಿ, ಗುಡಿಸಿ ಒರೆಸಲು ಇವಳು. ಒಬ್ಬರು ಊರಿಗೆ ಬಂದರೆ ಇನ್ನೊಬ್ಬರು ಅಲ್ಲೇ ಇರಬೇಕು ಎನ್ನುವುದು ಆ ಮನೆಯವರ ಕರಾರು. ಬಸ್ ಸ್ಟ್ಯಾಂಡಿನಲ್ಲಿ ಈಶ್ವರ ಅತ್ತ ರೀತಿ ನೋಡಿ ಕಂಡಕ್ಟರನೇ, "ಏಯ್, ಹೋಗೋರು ಅವ್ರೋ ನೀನೋ?" ಅಂದ.

ಶುಕ್ರವಾರ ಮಧ್ಯಾಹ್ನ ಅವಳಿಗೆ ಫೋನಿಗೆ ಬಿಡುವು. ನನ್ನ ಅಂಗಡಿಯ ಕಟ್ಟೆಯ ಮೇಲೆ ಸಿಗ್ನಲ್ ಚೆನ್ನಾಗಿ ಸಿಗುವುದರಿಂದ ಈಶ್ವರ ಊಟ ಮುಗಿಸಿ ಅಲ್ಲೇ ಬಂದು ಕೂರುತ್ತಿದ್ದ. ನಾನು ಕದ್ದು ಕೇಳುತ್ತಿರಲಿಲ್ಲ, ಅವನೇ ಸ್ಪೀಕರ್ ಹಾಕುತ್ತಿದ್ದ. ಅವಳು ಹೇಳುತ್ತಿದ್ದದ್ದೆಲ್ಲ ಆ ಮನೆಯ ನೆಲದ ವಿಷಯ. ಕೆಳಗಿನಿಂದ ಮೇಲಿನವರೆಗೆ ಮರದ ನೆಲವಂತೆ. ವಿಡಿಯೋದಲ್ಲಿ ಒಮ್ಮೆ ತೋರಿಸಿದಳು. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು, ನೆಲವೇ ಎದ್ದು ಬರುತ್ತದೋ ಎನ್ನುವಂತೆ ಹೊಳೆಯುತ್ತಿತ್ತು.

"ಮೊದ್ಲು ಒಣಬಟ್ಟೇಲಿ ಧೂಳು ತೆಗೀಬೇಕು" ಎಂದು ವಿವರಿಸುತ್ತಿದ್ದಳು. "ಆಮೇಲೆ ಬಟ್ಟೆ ಅದ್ದಿ, ಒಂದ್ ತೊಟ್ಟೂ ನೀರು ಬೀಳ್ದಂಗೆ ಹಿಂಡ್ಬೇಕು. ಹಲಗೆ ಯಾವ್ ಕಡೆಗೆ ಉದ್ದಕ್ಕೈತೋ ಆ ಕಡೆಗೇ ಒರೆಸ್ಬೇಕು, ಅಡ್ಡಡ್ಡ ಒರೆಸಂಗಿಲ್ಲ. ಹಿಂದೇನೇ ಒಣಬಟ್ಟೆ. ನೀರು ನಿಂತ್ರೆ ಮರ ಉಬ್ಬಿಕೊಂಡ್ ಬುಡ್ತೈತೆ."

"ಕುರ್ಚಿ ಎಳದ್ರ?"

"ಎಳೆಯಂಗಿಲ್ಲ. ಎತ್ತಿ ಇಡ್ಬೇಕು. ಕುರ್ಚಿ ಕಾಲಿಗೆಲ್ಲ ಮೆತ್ತನೆ ಬಟ್ಟೆ ಅಂಟ್ಸವ್ರೆ."

"ಮರಳು ಬಿದ್ರ?"

"ಮರಳೇ ದೊಡ್ ಶತ್ರು. ಒಂದ್ ಕಾಳು ಸಾಕು, ಗೀರು ಬೀಳ್ತೈತೆ."

ಈಶ್ವರನಿಗೆ ಆ ನೆಲದ ಗೊಡವೆ ಯಾತಕ್ಕೆ? ಪ್ರಶ್ನೆ ಮುಗಿದರೆ ಎಲ್ಲಿ ಫೋನು ಇಟ್ಟುಬಿಡುತ್ತಾಳೋ ಎಂದು ಕೇಳುತ್ತಿದ್ದ. ಅವಳೂ ಹಾಗೇ, ಒರೆಸಿದ್ದನ್ನೇ ಮತ್ತೆ ಒರೆಸಿದಂತೆ ಹೇಳುತ್ತಿದ್ದಳು. ಫೋನು ಇಟ್ಟ ಮೇಲೂ ಅವನು ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಕತ್ತಲಾದ ಪರದೆಯನ್ನು ಅಂಗಿಯ ಚುಂಗಿನಿಂದ ಒರೆಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಅವಳು ಕಳಿಸಿದ್ದರಿಂದಲೇ ನಮ್ಮ ಓಣಿಯಲ್ಲಿ ಜಾಗ ಕೊಂಡು ಮನೆ ಎಬ್ಬಿಸಿದ. ಗೋಡೆ ಎದ್ದಿತು, ಸೂರು ಕೂತಿತು. ನೆಲ ಹಾಸುವ ಹೊತ್ತಿಗೆ ಅವಳಿಗೆ ರಜೆ ಸಿಗುವ ಸುದ್ದಿ ಬಂತು. ಈಶ್ವರ ಒಂದು ದಿನ ಅಂಗಡಿಗೆ ಬಂದು ದಾರ ಕೇಳುವುದು ಬಿಟ್ಟು ಸುಮ್ಮನೆ ನಿಂತ.

"ಹಂಪಕ್ಕಾ, ಈ ಸಲ ಬಂದಾಕಿ ಹೊಳ್ಳಿ ಹೋಗಬಾರ್ದು" ಅಂದ. "ಆ ನೆಲದ ಮ್ಯಾಲ ಆಕಿಗೆ ಎಷ್ಟು ಆಸಿ ಐತಿ ನೀವ ಕೇಳೀರಲ್ರಿ. ವಾರವಾರ ಅದಾ ಮಾತು. ನಮ್ಮ ಮನ್ಯಾಗ ಅಂಥದ್ದಾ ಹಾಕಿಸಿಬಿಟ್ರ, ಆಕಿ ಯಾಕ ಹೋಗ್ತಾಳ?"

"ನೆಲ ನೋಡಿ ಉಳಿಯೋದಾದ್ರ ಅಲ್ಲೇ ಉಳೀತಾಳ, ನಿನ್ ಹತ್ರ ಯಾಕ ಬರ್ತಾಳಪ್ಪ?" ಎಂದು ನಾನು ಕಿಚಾಯಿಸಿದೆ. ಅವನು ನಗಲಿಲ್ಲ. ಅವನ ಮುಖ ನೋಡಿ ನನ್ನ ನಗುವೂ ಅಲ್ಲಿಗೇ ನಿಂತಿತು.

ಬೊಮ್ಮನಹಾಳ್ ಕಡೆ ಯಾರದೋ ಹಳೆಯ ಮನೆ ಕೆಡವುತ್ತಿದ್ದರು. ಅದರ ಅಟ್ಟದ ತೇಗದ ಹಲಗೆಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದ. ಬಡಗಿ ಮೌನೇಶಾಚಾರಿ ಅದನ್ನು ನೋಡಿ ತಲೆ ಚಚ್ಚಿಕೊಂಡ. "ಬಂಡಿಗಲ್ಲು ಹಾಕಪ್ಪ ತಮ್ಮಾ. ಈ ಊರಾಗ ಗೆದ್ದಲು ಮರ ಉಣ್ಣಾಕ ಬಾಯಿ ತಕ್ಕೊಂಡು ಕುಂತೈತಿ" ಅಂದ. ಈಶ್ವರ ಕೇಳುವವನೇ? ಕೆಳಗೆ ಬಂಡೆ, ಅದರ ಮೇಲೆ ಗೆದ್ದಲು ಹತ್ತದಂತೆ ಲಾರಿಯ ಕರಿ ಎಣ್ಣೆ ಬಳಿದ ಮರದ ಪಟ್ಟಿಗಳು, ಅದರ ಮೇಲೆ ಹಲಗೆ. ಆಚಾರಿ ಹಲಗೆ ಕೂರಿಸಿ ಹೋದ ಮೇಲೆ ಈಶ್ವರ ಮಂಡಿಯೂರಿ ಮರಳು ಕಾಗದ ಹಿಡಿದ. ಒಂದು ಹಲಗೆ ನುಣುಪಾದರೆ ಇನ್ನೊಂದು. ಹೊಲಿಯುವ ಮಿಷನನ್ನು ಹೊರಗಿನ ಜಗಲಿಗೆ ಹಾಕಿ ತಾಡಪಾಲು ಮುಚ್ಚಿದ. ಅದರ ಕಬ್ಬಿಣದ ಕಾಲು ನೆಲಕ್ಕೆ ತಾಗಬಾರದಲ್ಲ!

ಎಣ್ಣೆ ಹಚ್ಚುವ ಹೊತ್ತಿಗೆ ಮಹಾಶಯ ಯಾರನ್ನೂ ಕೇಳಲಿಲ್ಲ. ಮಡಕಶಿರಾಕ್ಕೆ ಹೋಗಿ, ಹೆಂಡತಿಯ ತವರಿನ ಗಾಣದಿಂದ ಒಂದು ಡಬ್ಬಿ ಶೇಂಗಾ ಎಣ್ಣೆ ತಂದ. ನಮಗೆಲ್ಲ ಎಣ್ಣೆ ಅಂದರೆ ಶೇಂಗಾದ್ದೇ, ಬೇರೆ ಯಾವುದಕ್ಕೂ ಕೈ ಹೋಗುವುದಿಲ್ಲ. ಒಳಗೆ ಕಾಲಿಟ್ಟರೆ ಅವಳಿಗೆ ತವರಿನ ಘಮ ಬರಲಿ ಎಂಬ ಆಸೆಯೂ ಇತ್ತು. ಡಬ್ಬಿಯನ್ನು ಪೂರ್ತಿ ನೆಲಕ್ಕೆ ಕುಡಿಸಿದ. ಮೊದಲ ದಿನ ನೆಲ ಮಿರಮಿರ ಮಿಂಚಿತು. ಆಮೇಲೆ ಕಾಲಿಟ್ಟರೆ ಪಚಪಚ ಅಂಟತೊಡಗಿತು. ಇರುವೆ ಸಾಲುಗಟ್ಟಿ ಬಂದವು. ಅವನ ಬಟ್ಟೆಯಿಂದ ಉದುರಿದ ಜೀನ್ಸಿನ ಧೂಳೆಲ್ಲ ಹತ್ತಿಕೊಂಡು ನೆಲ ನೀಲಿಯಾಯಿತು. ಈಶ್ವರ ನೆಲಕ್ಕೂ ಪ್ಯಾಂಟು ತೊಡಿಸಿದ ಎಂದು ಓಣಿಯೆಲ್ಲ ನಕ್ಕಿದ್ದೇ ನಕ್ಕಿದ್ದು.

ಮೌನೇಶಾಚಾರಿ ಬಂದು ಕೆಂಡವಾದ. "ಮಿರ್ಚಿ ಕರಿಯಾಕ ಹತ್ತೀಯೇನಲೇ? ಶೇಂಗಾ ಎಣ್ಣಿ ಜಪ್ಪಯ್ಯ ಅಂದ್ರೂ ಒಣಗಂಗಿಲ್ಲ. ಕುಸುಬಿ ಎಣ್ಣಿ ಹಚ್ಚಬೇಕು, ತೆಳ್ಳಗ ಹಚ್ಚಿ ಒರಸಿಬಿಡಬೇಕು, ಅದು ಒಣಗತೈತಿ." ಈಶ್ವರ ಅಂಟುವಾಳಕಾಯಿ ನೆನೆಸಿದ ನೀರಿನಲ್ಲಿ ಜೀನ್ಸ್ ಚಿಂದಿ ಅದ್ದಿ, ಹಿಂಡಿ, ಒಂದೊಂದೇ ಹಲಗೆಯ ಜಿಡ್ಡು ಬಿಡಿಸಿದ. ಒಣಗಿಸಿ ಮತ್ತೆ ತಿಕ್ಕಿ, ಕುಸುಬೆ ಎಣ್ಣೆ ಹಚ್ಚಿದ.

ಈ ನಡುವೆಯೇ ಒಂದು ಶುಕ್ರವಾರ, ಗುಟ್ಟು ಬಿಟ್ಟುಕೊಡದೆ ಉಪಾಯ ಕೇಳೋಣ ಎಂದು ಫೋನಿನಲ್ಲಿ ಅವಳನ್ನೇ ಕೇಳಿದ. "ಲಕ್ಷ್ಮೀ, ಅಲ್ಲಿ ನೆಲದ ಮ್ಯಾಲ ಎಣ್ಣಿ ಚೆಲ್ಲಿದ್ರ ಏನ್ ಮಾಡ್ತಿ?"

"ನಾನ್ ಚೆಲ್ಲಿಲ್ಲ" ಅಂದಳು. ಆಮೇಲೆ ತಾನೇ ನಕ್ಕು, "ಯಾಕ್ ಕೇಳಿದ್ರಿ? ಚೆಲ್ಲಿದ್ರೆ ಅವತ್ತು ಊಟ ಇಲ್ಲ, ಅಷ್ಟೇಯ" ಅಂದಳು. ಈಶ್ವರನೂ ನಕ್ಕ. ತಮಾಷೆ ಎಂದುಕೊಂಡ. ನನಗೆ ಮಾತ್ರ ಅದು ತಮಾಷೆ ಅನ್ನಿಸಲಿಲ್ಲ. ಆದರೆ ಅವನ ಸಡಗರ ಕೆಡಿಸಲು ಮನಸ್ಸಾಗಲಿಲ್ಲ.

ದಸರೆ ಕಳೆದ ಮೇಲೆ ಆದಿಲಕ್ಷ್ಮಿ ಬಂದಳು. ಈಶ್ವರ ಬೆಂಗಳೂರಿಗೆ ಹೋಗಿ ವಿಮಾನ ನಿಲ್ದಾಣದಿಂದ ಕರೆತಂದ. ಬೆಳಿಗ್ಗೆ ಬಸ್ಸಿಳಿದು ಆಟೋದಲ್ಲಿ ಬಂದರು. ನಾನೇ ಆರತಿ ಹಿಡಿದು ನಿಂತಿದ್ದೆ. ತೆಳ್ಳಗಾಗಿದ್ದಳು. ಕೈಗಳು ಮಾತ್ರ ದಪ್ಪಗಾಗಿ, ಬೆರಳ ಗೆಣ್ಣುಗಳು ಕಪ್ಪಿಟ್ಟಿದ್ದವು. ಆರತಿ ನೀರು ಚೆಲ್ಲಿ ತಿರುಗುವಷ್ಟರಲ್ಲಿ ಅವಳು ಹೊಸಿಲಲ್ಲಿ ನಿಂತು ಒಳಗೆ ನೋಡುತ್ತಿದ್ದಳು. ಈಶ್ವರ ಹೆಗಲ ಮೇಲಿನ ಬ್ಯಾಗನ್ನೂ ಇಳಿಸದೆ ಅವಳ ಮುಖವನ್ನೇ ನೋಡುತ್ತಿದ್ದ.

ಅವಳು ಒಳಗೆ ಹೋದಳು. ನಡುಮನೆಯನ್ನು ಅಡ್ಡ ಹಾಯಲಿಲ್ಲ. ಗೋಡೆ ಹಿಡಿದು, ಅಂಚಿನ ಹಲಗೆಯ ಮೇಲೆ ಒಂದರ ಮುಂದೊಂದು ಹೆಜ್ಜೆಯಿಟ್ಟು, ಸುತ್ತು ಹಾಕಿ ಅಡಿಗೆಮನೆ ಸೇರಿ, ಅಲ್ಲಿ ಹಲಗೆ ಹಾಸದ ಬಂಡೆಯ ನೆಲದ ಮೇಲೆ ಕೂತಳು.

"ಹೆಂಗೈತಿ?" ಅಂದ ಈಶ್ವರ.

"ಚೆನ್ನಾಗೈತೆ" ಅಂದಳು. ಆಮೇಲೆ, "ಒರೆಸೋ ಬಟ್ಟೆ ಎಲ್ಲಿಟ್ಟಿದ್ದೀರಿ?" ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲು ಬಂದರೆ ಎದುರು ಮನೆಯ ಬಾಗಿಲು ತೆರೆದಿತ್ತು. ಆದಿಲಕ್ಷ್ಮಿ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಅದರ ಮರುದಿನವೂ ಅದೇ. ಬಂದವರು ಹೋದವರು ನೆಲವನ್ನು ಹೊಗಳಿದರೆ ಗೋಡೆಗೆ ಆತು ನಿಂತು ಕೇಳುತ್ತಿದ್ದಳು. ಈಶ್ವರ ನಡುಮನೆಯಲ್ಲಿ ಹಾಸಿಗೆ ಬಿಡಿಸಿದರೆ ಇವಳು ಸೆಕೆ ಎಂದು ಹೇಳಿ ಅಡಿಗೆಮನೆಯ ಬಂಡೆಯ ಮೇಲೆ ಚಾಪೆ ಎಳೆದುಕೊಳ್ಳುತ್ತಿದ್ದಳಂತೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಜಿಪ್ಪಿನ ಡಬ್ಬಿಯಲ್ಲಿ ಬೆರಳಾಡಿಸುತ್ತಿದ್ದ. "ಅಷ್ಟು ವರ್ಷ ದಾರಿ ಕಾದೀನ್ರಿ. ಈಗ ಒಂದಾ ಮನ್ಯಾಗ ಅದಾಳ, ಕೈಗೆ ಸಿಗವಲ್ಲಳು" ಅಂದ. ನಾನು ದಾರದ ಉಂಡೆಗಳನ್ನು ಸುಮ್ಮನೆ ಅತ್ತಿತ್ತ ಜೋಡಿಸಿದೆ.

ಅದಾದ ಒಂದೆರಡು ದಿನಕ್ಕೆ ಸಂಜೆ ಹೂ ಕೊಡಲು ಅವರ ಮನೆಗೆ ಹೋದೆ. ಈಶ್ವರ ನಡುಮನೆಯಲ್ಲಿ ಕೂತಿದ್ದ. ಆದಿಲಕ್ಷ್ಮಿ ಇಬ್ಬರಿಗೂ ಚಹಾ ತಂದು, ಬಗ್ಗಿ, ಅವನ ಮುಂದೆ ನೆಲದ ಮೇಲೆ ಲೋಟ ಇಟ್ಟಳು. ಅವನು ಲೋಟವನ್ನು ಮೆಲ್ಲಗೆ ಎತ್ತಿ, ಕೆಳಗೆ ಜೀನ್ಸ್ ಬಟ್ಟೆಯ ತುಂಡೊಂದನ್ನು ಸರಿಸಿ, ಅದರ ಮೇಲಿಟ್ಟ. ಅಷ್ಟೇ. ಅವಳು ಬಗ್ಗಿದವಳು ಬಗ್ಗಿದಂತೆಯೇ ಆ ಬಟ್ಟೆಯನ್ನು ನೋಡಿದಳು.

"ಅವ್ರೂ ಹಿಂಗೇ ಮಾಡ್ತಿದ್ರು" ಅಂದಳು.

"ಯಾರು?"

"ಆ ಮನೆ ಯಜಮಾನಮ್ಮ. ಬಾಯ್ ಬಿಟ್ಟು ಬೈತಿರ್ಲಿಲ್ಲ. ನಾನ್ ಇಟ್ಟಿದ್ದನ್ನ ಎತ್ತಿ, ಬಟ್ಟೆ ಹಾಸಿ, ಆಮೇಲ್ ಇಡೋರು."

ಈಶ್ವರ ತಬ್ಬಿಬ್ಬಾದ. "ನೆಲಕ್ಕ ಲೋಟದ ಕರಿ ಬೀಳ್ತೈತಿ ಅಂತ... ನೀನಾ ಹೇಳಿದ್ದಿ."

"ಹೇಳ್ದೆ. ಆ ನೆಲದ್ ಮೇಲೆ ನಾನು ಒಂದ್ ದಿನಾನೂ ಕೂತಿಲ್ಲ, ಗೊತ್ತಾ? ಮಂಡಿ ಊರಿದ್ದೀನಿ, ಕೂತಿಲ್ಲ. ನಡೆದ್ರೆ ಗೋಡೆ ಪಕ್ಕ, ಸದ್ದು ಬರಂಗಿಲ್ಲ. ನಮ್ ಬಾಡಿಗೆ ಮನೇಲಿ ಸಗಣಿ ನೆಲದ್ ಮೇಲೆ ಕಾಲ್ ಚಾಚ್ಕೊಂಡ್ ಕೂತಿರ್ತಿದ್ನಲ್ಲ, ಅದನ್ನೇ ನೆನೆಸ್ಕೊಂಡು ಆ ಹಲಗೆ ಒರೆಸ್ತಿದ್ದೆ. ಊರಿಗ್ ಹೋದ್ರೆ ಹಂಗೆ ಒಂದ್ಸಲ ಕೂತ್ಕೋಬೇಕು ಅಂತ."

"ಮತ್ತ ವಾರವಾರ ಅದಾ ನೆಲದ ಮಾತು ಯಾಕ ಆಡ್ತಿದ್ದಿ?"

"ಇನ್ಯಾವ್ ಮಾತ್ ಆಡ್ಲಿ? ಬೇರೇದ್ ಹೇಳಿದ್ರೆ ನೀವು ಇಲ್ಲಿ ಊಟ ಬಿಡ್ತಿದ್ರಿ." ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಳ್ಳುವ ಮೊದಲು ಒಂದು ಹನಿ ನೆಲಕ್ಕೆ ಬಿತ್ತು. ಅವಳ ಕೈ ತಾನಾಗಿ ಅದನ್ನು ಒರೆಸಿತು. "ಅಲ್ಲಿ, ಇದು ಬೇರೆಯೋರ್ ಮನೆ ಅನ್ನೋ ಸಮಾಧಾನನಾದ್ರೂ ಇತ್ತು" ಅಂದಳು.

ಈಶ್ವರ ಎದ್ದು ಹೊರಗೆ ಹೋದ. ಸಿಟ್ಟು ಮಾಡಿಕೊಂಡನೋ ಏನೋ ಎಂದು ನಾವಿಬ್ಬರೂ ನೋಡುತ್ತಿದ್ದಂತೆ, ಜಗಲಿಯಲ್ಲಿ ತಾಡಪಾಲು ಕಿತ್ತೆಸೆದ ಸದ್ದಾಯಿತು. ಹೊಲಿಯುವ ಮಿಷನನ್ನು ಹೊಸಿಲು ದಾಟಿಸಿ ಒಳಗೆ ಎಳೆದ. ಎತ್ತಲಿಲ್ಲ, ಎಳೆದ. ಬಾಗಿಲಿನಿಂದ ನಡುಮನೆಯ ಮಧ್ಯದವರೆಗೆ ಕಬ್ಬಿಣದ ಕಾಲು ಕಿರುಗುಟ್ಟುತ್ತ ಉದ್ದಕ್ಕೆ ಬಿಳಿಯ ಗೀರು ಎಳೆಯಿತು.

"ಅಯ್ಯಯ್ಯೋ, ಗೀರು! ಗೀರು ಬಿತ್ತು!" ಎಂದು ಆದಿಲಕ್ಷ್ಮಿ ಚೀರಿದಳು.

"ಬೀಳ್ಲಿ" ಅಂದ.

ಬೆವರೊರೆಸಿಕೊಂಡು, ಹೊರಗಿದ್ದ ಪ್ಯಾಂಟುಗಳ ಗಂಟು ತಂದು ಬಿಚ್ಚಿ, ಮಿಷನ್ ಮುಂದೆ ಕೂತು ತುಳಿಯತೊಡಗಿದ. ಹೊಲಿದದ್ದನ್ನು ಪಕ್ಕಕ್ಕೆ ಎಸೆದ. ನೀಲಿ ಧೂಳು ಹಲಗೆಯ ಮೇಲೆ ಇಳಿಯುತ್ತಿತ್ತು. ಆದಿಲಕ್ಷ್ಮಿ ಬಹಳ ಹೊತ್ತು ಆ ಗೀರನ್ನು ನೋಡಿದಳು. ಆಮೇಲೆ ಗೋಡೆ ಬಿಟ್ಟು, ನಡುಮನೆಯ ನಟ್ಟನಡುವೆ ನಡೆದು ಬಂದು, ಮಿಷನ್ನಿನ ಕಾಲಿನ ಹತ್ತಿರ ಕೂತಳು. ಒಂದು ಕಾಲು ಚಾಚಿದಳು. ತಡೆದು ಇನ್ನೊಂದನ್ನೂ ಚಾಚಿದಳು. ಕತ್ತರಿ ಕೇಳಿ ತೆಗೆದುಕೊಂಡು ದಾರ ಕತ್ತರಿಸತೊಡಗಿದಳು. ನಾನು ಹೂವನ್ನು ಗೂಡಿನಲ್ಲಿಟ್ಟು ಹೊರಬಿದ್ದೆ, ಅಲ್ಲಿ ನನಗಿನ್ನೇನು ಕೆಲಸ.

ಆಮೇಲಿನ ದಿನಗಳಲ್ಲಿ ಆ ಮನೆಯಿಂದ ಬರುತ್ತಿದ್ದ ನಗು ನನ್ನ ಅಂಗಡಿಯವರೆಗೂ ಕೇಳುತ್ತಿತ್ತು. ಹಲಗೆಯ ಮೇಲೆ ರಾಗಿ ಹಿಟ್ಟು ಚೆಲ್ಲಿತು, ಲೋಟದ ಕರೆ ಉಂಗುರ ಉಂಗುರವಾಗಿ ಬಿತ್ತು, ಅವಳ ಚಾಪೆ ಅಡಿಗೆಮನೆಯಿಂದ ಹೊರಬಂತು. ಇನ್ನು ಇವಳು ಹೋಗುವುದಿಲ್ಲ ಎಂದು ನಾನೂ ನಂಬಿದೆ.

ಆದರೆ ಏಜೆಂಟನ ಫೋನು ಬಂತು. ಇವಳು ಹಿಂತಿರುಗದಿದ್ದರೆ ಶಿವಲಕ್ಷ್ಮಿಯನ್ನು ಊರಿಗೆ ಬಿಡುವುದಿಲ್ಲವಂತೆ. ಅವಳ ಪಾಸ್‌ಪೋರ್ಟ್ ಆ ಮನೆಯವರ ಕೈಯಲ್ಲೇ ಇತ್ತು. ಈಶ್ವರ ನನ್ನೆದುರಿಗೇ ಅವಳ ಕೈ ಹಿಡಿದುಕೊಂಡು, "ಹೋಗಬ್ಯಾಡ ಲಕ್ಷ್ಮೀ" ಅಂದ. ಓಣಿಯ ನಾಚಿಕೆಯನ್ನೂ ನೋಡಲಿಲ್ಲ.

"ಅವಳಿಗೂ ಅವಳವ್ವನ ಮುಖ ನೋಡ್ಬೇಕು ಅನ್ಸಲ್ವಾ? ಅವಳ ಸರದಿ ಮುಗ್ಸಿ ಬಂದ್ಬುಡ್ತೀನಿ" ಅಂದಳು. ಅವನು ಮತ್ತೆ ತಡೆಯಲಿಲ್ಲ. ತಡೆಯುವಂಥ ಮಾತೂ ಅದಾಗಿರಲಿಲ್ಲ.

ಅವಳು ಹೋಗಿದ್ದಾಳೆ. ಈಶ್ವರ ಈಗ ಶುಕ್ರವಾರ ನನ್ನ ಕಟ್ಟೆಗೆ ಬರುವುದಿಲ್ಲ, ಸಿಗ್ನಲ್ ಕೆಟ್ಟದಾದರೂ ಮನೆಯೊಳಗೇ ಮಾತಾಡುತ್ತಾನೆ. ಕಳೆದ ವಾರ ಅವನು ಹೇಳಿದ್ದ ದಾರದ ಉಂಡೆ ಕೊಡಲು ಹೋದಾಗ ಫೋನಿನಲ್ಲಿ ಅವಳಿದ್ದಳು. ಮಾತಿನ ಮಧ್ಯೆ ಇದ್ದಕ್ಕಿದ್ದಂತೆ, "ಫೋನ್ ಕೆಳಗಿಡಿ. ಹಲಗೆ ಮೇಲೆ" ಅಂದಳು.

ಅವನು ಇಟ್ಟ. ಕೆಳಗೆ ಬಟ್ಟೆ ಗಿಟ್ಟೆ ಏನೂ ಹಾಸಲಿಲ್ಲ.

"ಈಗ ನಡೀರಿ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಎದ್ದು ನಾಲ್ಕು ಹೆಜ್ಜೆ ನಡೆದ.

"ಹಂಗಲ್ಲ. ಇಲ್ಲಿ ಎಲ್ರೂ ಹಂಗೇ ಮೆತ್ತಗೆ ನಡೀತಾರೆ. ಜೋರಾಗಿ ಕಾಲ್ ಹಾಕಿ."

ಈಶ್ವರ ಪಂಚೆ ಎತ್ತಿ ಕಟ್ಟಿದ. ಹಿಮ್ಮಡಿ ಊರಿ, ಧಡ್ ಧಡ್ ಎಂದು ಹಲಗೆ ಅದುರುವಂತೆ, ಗೋಡೆಯಿಂದ ಬಾಗಿಲಿನವರೆಗೆ ನಡೆದ. ಹೊಸಿಲ ಹತ್ತಿರ ನಿಂತು, "ಕೇಳಿಸ್ತೇನು?" ಅಂದ.

"ಬಾಗ್ಲ ತಂಕ ಹೋದ್ರಿ" ಅಂದಳು. "ನಿಲ್ಲಬೇಡಿ. ಇನ್ನೊಂದ್ಸಲ ಒಳಗ್ ಬನ್ನಿ."

ಅವನು ಒಳಗೆ ನಡೆದ.